ನಾಲ್ಕು ಡಾಲರ್ ತೊಂಬತ್ತೆರಡು ಸೆಂಟ್

ಓಟಿಸ್ ಬೋವೆನ್ ಮೂಲತಃ ಸಣ್ಣ ಊರಿನ ಡಾಕ್ಟರು. ಅಮೆರಿಕದ ಇಂಡಿಯಾನಾ ರಾಜ್ಯದ ಬ್ರೆಮೆನ್ ಎಂಬಲ್ಲಿ ವರ್ಷಗಟ್ಟಲೆ ಜ್ವರ, ಹೆರಿಗೆ, ಮೂಳೆಮುರಿತ ನೋಡಿಕೊಂಡಿದ್ದವರು. ಆಮೇಲೆ ರಾಜಕೀಯಕ್ಕೆ ಬಂದು 1973ರಿಂದ 1981ರವರೆಗೆ ಆ ರಾಜ್ಯದ ಗವರ್ನರ್ ಆಗಿದ್ದರು. ಅಧಿಕಾರ ಬಿಡುವ ಹೊತ್ತಿಗೆ ಅವರ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡರು. 1985ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರನ್ನು ಕರೆದು ಆರೋಗ್ಯ ಖಾತೆ ಕೊಟ್ಟರು. ಆ ಖಾತೆ ಹಿಡಿದ ಮೊದಲ ವೈದ್ಯ ಅವರೇ.

ಬೋವೆನ್ ಬಂದ ಮೇಲೆ ಒಂದು ಲೆಕ್ಕ ಹಾಕಿದರು. 65 ದಾಟಿದ ಅಮೆರಿಕನ್ನರಿಗೆ ಸರ್ಕಾರವೇ ನಡೆಸುವ ಆರೋಗ್ಯ ವಿಮೆ ಮೆಡಿಕೇರ್ ಆಗಲೇ ಇಪ್ಪತ್ತು ವರ್ಷದಿಂದ ನಡೆಯುತ್ತಿತ್ತು. ಆದರೆ ಅದರಲ್ಲಿ ಒಂದು ವಿಚಿತ್ರ ಇತ್ತು. ಸಣ್ಣ ಕಾಯಿಲೆಗೆ ಅದು ಚೆನ್ನಾಗಿಯೇ ಕೈಹಿಡಿಯುತ್ತಿತ್ತು, ದೊಡ್ಡ ಕಾಯಿಲೆ ಬಂದಾಗ ನಡುನೀರಿನಲ್ಲಿ ಬಿಡುತ್ತಿತ್ತು. ಆಸ್ಪತ್ರೆಯ ಮೊದಲ 60 ದಿನಕ್ಕೆ ರೋಗಿ ಒಂದು ನಿಗದಿತ ಮೊತ್ತ ಕಟ್ಟಿದರೆ ಸಾಕು. 61ನೇ ದಿನದಿಂದ ದಿನಕ್ಕಿಷ್ಟು ಎಂದು ಕೈಯಿಂದ ಹಾಕಬೇಕು. 90 ದಿನ ಕಳೆದ ಮೇಲೆ ಜೀವಮಾನಕ್ಕೆ ಒಮ್ಮೆ ಮಾತ್ರ ಸಿಗುವ 60 ದಿನಗಳ ಮೀಸಲು. ಅದೂ ಮುಗಿದರೆ ವಿಮೆ ಮುಗಿಯಿತು. ಡಾಕ್ಟರ ಫೀಸಿನಲ್ಲಿ ನೂರಕ್ಕೆ 20 ರೋಗಿಯದೇ, ಮತ್ತು ಆ 20ಕ್ಕೆ ಮೇಲ್ಮಿತಿಯೇ ಇಲ್ಲ. ವಿಮೆ ಎಂಬ ಪದಾರ್ಥದ ಅರ್ಥವೇ ತಿರುಗುಮುರುಗಾದಂತೆ. ಬೋವೆನ್ ಹೇಳಿದ್ದು ಇಷ್ಟು: ವರ್ಷಕ್ಕೆ ಒಬ್ಬ ವೃದ್ಧರ ಕೈಯಿಂದ 2,000 ಡಾಲರ್‌ಗಿಂತ ಹೆಚ್ಚು ಹೋಗದಂತೆ ಮಿತಿ ಹಾಕೋಣ. ಅದಕ್ಕೆ ಬೇಕಾದ ಹಣವನ್ನು ಖಜಾನೆಯಿಂದ ತೆಗೆಯುವುದು ಬೇಡ. ಮೆಡಿಕೇರ್ ಪಡೆಯುವ ಎಲ್ಲರೂ ತಿಂಗಳಿಗೆ 4 ಡಾಲರ್ 92 ಸೆಂಟ್ ಹೆಚ್ಚಿಗೆ ಕೊಟ್ಟರೆ ಸಾಕು.

ಸರ್ಕಾರಕ್ಕೆ ಒಂದು ಸೆಂಟಿನ ಹೊರೆಯೂ ಇಲ್ಲದ ಸುಧಾರಣೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ಕೋಲು ಹೇಗೆ ಮುರಿಯಿತು ಎಂಬುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

* * *

ಇಡೀ ದೇಶಕ್ಕೆ ಆರೋಗ್ಯ ವಿಮೆ ಬೇಕೆಂದು ಅಧ್ಯಕ್ಷ ಹ್ಯಾರಿ ಟ್ರೂಮನ್ 1945ರ ನವೆಂಬರ್‌ನಲ್ಲಿ ಕೇಳಿದಾಗ ವೈದ್ಯರ ಸಂಘ ಅದನ್ನು ಸಮಾಜವಾದ ಎಂದು ಕರೆಯಿತು. ಶೀತಲ ಸಮರದ ಅಮೆರಿಕದಲ್ಲಿ ಆ ಪದಕ್ಕೆ ಬೈಗುಳದ ಬಲ ಇತ್ತು. ಎಲ್ಲರಿಗೂ ಆಗದಿದ್ದರೆ ಮುದುಕರಿಗಾದರೂ ಆಗಲಿ ಎಂದು ಸುಧಾರಕರು ಆಸೆಯನ್ನು ಕಿರಿದು ಮಾಡಿಕೊಂಡರು. ಅದಕ್ಕೂ ವೈದ್ಯರ ಸಂಘ ಒಪ್ಪಲಿಲ್ಲ. 1961ರಲ್ಲಿ ಅದು ‘ಆಪರೇಷನ್ ಕಾಫಿ ಕಪ್’ ಎಂಬ ಪ್ರಚಾರ ಶುರುಮಾಡಿತು. ಡಾಕ್ಟರುಗಳ ಹೆಂಡತಿಯರು ಅಕ್ಕಪಕ್ಕದವರನ್ನು ಕಾಫಿಗೆ ಕರೆದು, ಒಂದು ಗ್ರಾಮಫೋನ್ ತಟ್ಟೆ ಹಾಕಿ ಕೇಳಿಸಬೇಕು. ಕೇಳಿದವರು ತಮ್ಮ ಸಂಸದರಿಗೆ ಕಾಗದ ಬರೆಯಬೇಕು. ಮುದುಕರಿಗೆ ಸರ್ಕಾರಿ ವಿಮೆ ಕೊಟ್ಟರೆ ದೇಶದ ಸ್ವಾತಂತ್ರ್ಯವೇ ಹೋಗುತ್ತದೆ ಎಂದು ಆ ತಟ್ಟೆಯಲ್ಲಿ ಇಂಪಾದ ದನಿಯಲ್ಲಿ ಎಚ್ಚರಿಸಿದವರು ಒಬ್ಬ ಸಿನಿಮಾ ನಟ. ಹೆಸರು ರೊನಾಲ್ಡ್ ರೇಗನ್. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಮೆಡಿಕೇರ್‌ನ ಕತೆಯಲ್ಲಿ ಈತ ಇನ್ನೂ ಎರಡು ಸಲ ಬರುತ್ತಾರೆ, ಎರಡು ಸಲವೂ ಬೇರೆ ಬೇರೆ ವೇಷದಲ್ಲಿ.

1964ರ ಚುನಾವಣೆಯಲ್ಲಿ ಲಿಂಡನ್ ಜಾನ್ಸನ್ ಭಾರಿ ಬಹುಮತದಿಂದ ಗೆದ್ದ ಮೇಲೆ ತಡೆಯುವುದು ಸಾಧ್ಯವಿರಲಿಲ್ಲ. ಹಣಕಾಸಿನ ಮಸೂದೆಗಳನ್ನೆಲ್ಲ ಹಿಡಿತದಲ್ಲಿಟ್ಟುಕೊಂಡಿದ್ದ ಸಮಿತಿಯ ಅಧ್ಯಕ್ಷ ವಿಲ್ಬರ್ ಮಿಲ್ಸ್ ಎದುರಿಗೆ ಮೂರು ಬೇರೆ ಬೇರೆ ಮಸೂದೆಗಳಿದ್ದವು. ಡೆಮಾಕ್ರಾಟರದು ಆಸ್ಪತ್ರೆ ವಿಮೆ, ರಿಪಬ್ಲಿಕನ್ನರದು ಇಷ್ಟವಿದ್ದವರು ಪ್ರೀಮಿಯಂ ಕಟ್ಟಿ ಸೇರುವ ಡಾಕ್ಟರ್ ಫೀಸಿನ ವಿಮೆ, ವೈದ್ಯರ ಸಂಘದ್ದು ಬಡವರಿಗೆ ಮಾತ್ರ ನೆರವು. ಒಂದನ್ನು ಆರಿಸಿಕೊಳ್ಳುತ್ತಾರೆ ಎಂದು ಎಲ್ಲರೂ ಕಾಯುತ್ತಿದ್ದಾಗ ಮಿಲ್ಸ್ ಮೂರನ್ನೂ ಒಂದರ ಮೇಲೊಂದು ಪೇರಿಸಿಬಿಟ್ಟರು. ಮೂರು ಪದರದ ಕೇಕ್ ಎಂದು ಅದಕ್ಕೆ ಹೆಸರಾಯಿತು. ಮೊದಲ ಪದರ ಪಾರ್ಟ್ ಎ, ಎರಡನೆಯದು ಪಾರ್ಟ್ ಬಿ, ಮೂರನೆಯದು ಬಡವರ ಮೆಡಿಕೇಡ್. ದುಡಿಯುವವರ ಸಂಬಳದಿಂದ ಕಡಿತವಾಗುವ ತೆರಿಗೆಯಿಂದ ಪಾರ್ಟ್ ಎ ನಡೆಯುತ್ತದೆ. ಪಾರ್ಟ್ ಬಿಗೆ ಆಗ ವೃದ್ಧರು ತಿಂಗಳಿಗೆ 3 ಡಾಲರ್ ಕಟ್ಟಿದರೆ ಸರ್ಕಾರ ಇನ್ನು 3 ಡಾಲರ್ ಸೇರಿಸುತ್ತಿತ್ತು. 1965ರ ಜುಲೈ 30ರಂದು ಜಾನ್ಸನ್ ಮಿಸೌರಿಯ ಇಂಡಿಪೆಂಡೆನ್ಸ್ ಎಂಬ ಊರಿಗೇ ಹೋಗಿ, ವೃದ್ಧ ಟ್ರೂಮನ್ ಪಕ್ಕದಲ್ಲಿ ಕೂತು ಸಹಿ ಹಾಕಿದರು. ಮೊದಲ ಕಾರ್ಡು ಟ್ರೂಮನ್‌ಗೇ ಸಿಕ್ಕಿತು.

ಒಪ್ಪಂದಕ್ಕೆ ಬೆಲೆ ಇತ್ತು. ವೈದ್ಯರೂ ಆಸ್ಪತ್ರೆಗಳೂ ಸಹಕರಿಸದಿದ್ದರೆ ಎಂಬ ಹೆದರಿಕೆಯಿಂದ, ವೈದ್ಯಕೀಯ ವೃತ್ತಿಯಲ್ಲಿ ಸರ್ಕಾರ ಕೈಹಾಕುವುದಿಲ್ಲ ಎಂದು ಕಾನೂನಿನ ಮೊದಲಲ್ಲೇ ಬರೆದುಕೊಟ್ಟರು. ಆಸ್ಪತ್ರೆಗಳು ಖರ್ಚಾದಷ್ಟನ್ನು ತೋರಿಸಿದರೆ ‘ನ್ಯಾಯವಾದ ವೆಚ್ಚ’ ಎಂದು ಪೂರ್ತಿ ಕೊಡುವುದು, ಅದರ ಮೇಲೆ ಶೇಕಡ 2 ಸೇರಿಸಿ ಕೊಡುವುದು ಎಂದಾಯಿತು. ಗಾರೆ ಕೆಲಸದವನಿಗೆ ‘ನೀನು ಎಷ್ಟು ಸಿಮೆಂಟ್ ಸುರಿದರೂ ಕೊಡುತ್ತೇನೆ, ಮೇಲೆ ನೂರಕ್ಕೆ ಎರಡು ರೂಪಾಯಿ ಇನಾಮು’ ಎಂದರೆ ಗೋಡೆ ಎಷ್ಟು ದಪ್ಪ ಆಗುತ್ತದೋ ಇಲ್ಲಿಯೂ ಅದೇ ಆಯಿತು. 1990ರಲ್ಲಿ ಆಸ್ಪತ್ರೆ ವಿಮೆಗೆ ಸುಮಾರು 900 ಕೋಟಿ ಡಾಲರ್ ಖರ್ಚಾಗಬಹುದೆಂದು 1965ರಲ್ಲಿ ಅಂದಾಜು ಮಾಡಿದ್ದರು. ಆದದ್ದು ಸುಮಾರು 6,700 ಕೋಟಿ.

ಆದರೆ ಇದೇ ಆರಂಭದ ದಿನಗಳಲ್ಲಿ ಇನ್ನೊಂದು ಸುಧಾರಣೆಯೂ ನಡೆಯಿತು. ವೆಚ್ಚದ ಚರ್ಚೆ ಬಂದಾಗ ಅದನ್ನು ಯಾರೂ ಎಣಿಸುವುದಿಲ್ಲ, ಬಹುಶಃ ಅದಕ್ಕೆ ಖರ್ಚೇ ಆಗದ ಕಾರಣ. ದಕ್ಷಿಣದ ರಾಜ್ಯಗಳಲ್ಲಿ ಆಗ ಕಪ್ಪು ರೋಗಿಗಳಿಗೆ ಬೇರೆ ವಾರ್ಡು, ಎಷ್ಟೋ ಕಡೆ ಬೇರೆ ಆಸ್ಪತ್ರೆ. 1964ರ ನಾಗರಿಕ ಹಕ್ಕುಗಳ ಕಾನೂನು, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಜನಾಂಗ ನೋಡಿ ಭೇದ ಮಾಡಬಾರದು ಎಂದಿತ್ತು. ಮೆಡಿಕೇರ್ ಹಣ ಬೇಕಾದರೆ ವಾರ್ಡುಗಳು ಒಂದಾಗಬೇಕು ಎಂದು ಆರೋಗ್ಯ ಇಲಾಖೆ ಪಟ್ಟು ಹಿಡಿಯಿತು. ತನಿಖೆಗೆ ಜನ ಸಾಲದೆ ಬೇರೆ ಬೇರೆ ಕಚೇರಿಗಳಿಂದ ಸಿಕ್ಕಿದವರನ್ನೆಲ್ಲ ಎರವಲು ತಂದರು. ಯಾವ ಆಸ್ಪತ್ರೆಯಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂದು ಗುಟ್ಟಾಗಿ ತಿಳಿಸಿದವರಲ್ಲಿ ಅಲ್ಲಿಯ ಕಪ್ಪು ಸಿಬ್ಬಂದಿಯೇ ಇದ್ದರು. 1966ರ ಜುಲೈ 1ರಂದು ಯೋಜನೆ ಶುರುವಾಗುವ ಮೊದಲಿನ ಕೆಲವೇ ತಿಂಗಳಲ್ಲಿ ಸುಮಾರು ಸಾವಿರ ಆಸ್ಪತ್ರೆಗಳು ಗೋಡೆ ಒಡೆದವು. ಶಾಲೆಗಳಲ್ಲಿ ನ್ಯಾಯಾಲಯದ ತೀರ್ಪು ಬಂದು ಹತ್ತು ವರ್ಷವಾದರೂ ಆಗದಿದ್ದದ್ದು ಆಸ್ಪತ್ರೆಗಳಲ್ಲಿ ಒಂದು ಬೇಸಿಗೆಯೊಳಗೆ ಆಯಿತು. ಹೆಚ್ಚಿಗೆ ದುಡ್ಡು ಕೊಡದೆ, ಕೊಡುವ ದುಡ್ಡಿಗೇ ಒಂದು ಷರತ್ತು ಹಾಕಿ.

* * *

ಎಪ್ಪತ್ತರ ದಶಕದಲ್ಲಿ ಖರ್ಚು ಏರುತ್ತಲೇ ಹೋಯಿತು. 1972ರಲ್ಲಿ ಅಂಗವಿಕಲರನ್ನೂ ಮೂತ್ರಪಿಂಡ ಸೋತವರನ್ನೂ ಮೆಡಿಕೇರ್ ಒಳಕ್ಕೆ ತಂದರು. ಜಿಮ್ಮಿ ಕಾರ್ಟರ್ ಆಸ್ಪತ್ರೆ ವೆಚ್ಚಕ್ಕೆ ನೇರವಾಗಿ ಕಡಿವಾಣ ಹಾಕುವ ಮಸೂದೆ ತಂದು 1979ರಲ್ಲಿ ಸೋತರು. ಉತ್ತರ ಬಂದದ್ದು ರಾಜಧಾನಿಯಿಂದ ಅಲ್ಲ, ಯೇಲ್ ವಿಶ್ವವಿದ್ಯಾಲಯದಿಂದ.

ಅಲ್ಲಿ ರಾಬರ್ಟ್ ಫೆಟರ್ ಎಂಬವರು ಕಾರ್ಖಾನೆಗಳ ನಿರ್ವಹಣೆ ಕಲಿಸುತ್ತಿದ್ದರು. ಅವರ ಜೊತೆಗಾರ ಜಾನ್ ಥಾಂಪ್ಸನ್ ನರ್ಸ್ ಆಗಿ ಕೆಲಸ ಮಾಡಿ ಆಸ್ಪತ್ರೆ ಆಡಳಿತಕ್ಕೆ ಬಂದವರು. ಊರಿನ ಆಸ್ಪತ್ರೆಯ ವೈದ್ಯರು ಇವರನ್ನು ಕೇಳಿದ್ದು ಸರಳ ಪ್ರಶ್ನೆ: ಯಾವ ರೋಗಿಗೆ ಅನಗತ್ಯವಾಗಿ ಹೆಚ್ಚು ದಿನ ಹಾಸಿಗೆ ಕೊಟ್ಟಿದ್ದೇವೆ ಎಂದು ಕಂಡುಹಿಡಿಯುವುದು ಹೇಗೆ? ಫೆಟರ್ ಕಾರ್ಖಾನೆಯವರ ಕಣ್ಣಿನಿಂದ ನೋಡಿದರು. ಕಾರ್ಖಾನೆಯಲ್ಲಿ ಮೊದಲು ಕೇಳುವುದು ಇಲ್ಲಿ ತಯಾರಾಗುವ ವಸ್ತು ಯಾವುದು ಎಂದು. ಆಸ್ಪತ್ರೆಯಲ್ಲಿ ತಯಾರಾಗುವುದು ಏನು? ಹಾಸಿಗೆಯೂ ಅಲ್ಲ, ಎಕ್ಸ್‌ರೇಯೂ ಅಲ್ಲ. ಚಿಕಿತ್ಸೆ ಮುಗಿಸಿ ಹೊರಗೆ ಹೋಗುವ ರೋಗಿ. ಹಾಗಾದರೆ ಸರಿಸುಮಾರು ಒಂದೇ ಬಗೆಯ ಖರ್ಚು ಬೇಡುವ ರೋಗಿಗಳನ್ನು ಗುಂಪು ಮಾಡಬಹುದು. ಹೀಗೆ ಹುಟ್ಟಿದ ಗುಂಪುಗಳಿಗೆ ಡಿಆರ್‌ಜಿ ಎಂದು ಹೆಸರು. ನ್ಯೂಜೆರ್ಸಿ ರಾಜ್ಯ 1980ರಿಂದ ಅದನ್ನು ಬಳಸಿ ಬಿಲ್ ಪಾವತಿ ಮಾಡಿ ನೋಡಿತು.

ಈಗ ರೇಗನ್ ಎರಡನೆಯ ಸಲ ಬರುತ್ತಾರೆ. ಸರ್ಕಾರ ದೂರ ನಿಲ್ಲಬೇಕು, ಮಾರುಕಟ್ಟೆಯೇ ಬೆಲೆ ಹೇಳಬೇಕು ಎಂದು ಗೆದ್ದು ಬಂದ ಅಧ್ಯಕ್ಷರು 1983ರ ಏಪ್ರಿಲ್ 20ರಂದು ಸಹಿ ಹಾಕಿದ ಕಾನೂನಿನಲ್ಲಿ, ದೇಶದ ಆಸ್ಪತ್ರೆಗಳಲ್ಲಿ ವೃದ್ಧರಿಗೆ ಆಗುವ 467 ಬಗೆಯ ಚಿಕಿತ್ಸೆಗೆ ಸರ್ಕಾರವೇ ಮುಂಗಡವಾಗಿ ಬೆಲೆ ಕಟ್ಟುವ ವ್ಯವಸ್ಥೆ ಇತ್ತು. ಸೋವಿಯತ್ ಯೋಜನಾ ಮಂಡಳಿಗೆ ಹೊಟ್ಟೆಕಿಚ್ಚು ಆಗುವಂಥದ್ದು. ಮಸೂದೆ ಸದ್ದಿಲ್ಲದೆ ಪಾಸಾದದ್ದು ಅದು ಪಿಂಚಣಿ ನಿಧಿಯನ್ನು ಉಳಿಸುವ ತುರ್ತು ಕಾನೂನಿನ ಬೆನ್ನ ಮೇಲೆ ಕೂತು ಬಂದದ್ದರಿಂದ. ಆಸ್ಪತ್ರೆಗಳೂ ದೊಡ್ಡ ಗಲಾಟೆ ಮಾಡಲಿಲ್ಲ. ಅದಕ್ಕೆ ಹಿಂದಿನ ವರ್ಷ ತಂದಿದ್ದ ಕಡಿತದ ನಿಯಮಗಳು ಇನ್ನೂ ಕಠಿಣವಾಗಿದ್ದವು.

ಆ ಅಕ್ಟೋಬರ್‌ನಿಂದ ಲೆಕ್ಕ ಉಲ್ಟಾ ಆಯಿತು. ಸೊಂಟದ ಮೂಳೆ ಮುರಿದ ಅಜ್ಜಿ 8 ದಿನ ಇದ್ದರೂ ಅಷ್ಟೇ ಹಣ, 15 ದಿನ ಇದ್ದರೂ ಅಷ್ಟೇ ಹಣ. ತೀರ ಅಸಾಧಾರಣ ಪ್ರಕರಣಕ್ಕೆ ಮಾತ್ರ ಸ್ವಲ್ಪ ಮೇಲೆ. ಮೊದಲು ಹಾಸಿಗೆ ತುಂಬಿಸುವುದು ಲಾಭ, ಈಗ ಖಾಲಿ ಮಾಡಿಸುವುದು ಲಾಭ. ‘ಬೇಗ ಬೇಗ, ಇನ್ನೂ ನರಳುತ್ತಿರುವಾಗಲೇ’ ಮನೆಗೆ ಕಳಿಸುತ್ತಾರೆ ಎಂಬ ದೂರು ಎಲ್ಲೆಡೆ ಕೇಳಿಬಂತು. ಇದು ಬರೀ ಗೊಣಗಾಟವೋ ನಿಜವೋ ಎಂದು ರ‍್ಯಾಂಡ್ ಸಂಸ್ಥೆಯವರು ಸಾವಿರಾರು ರೋಗಿಗಳ ಕಡತ ಬಿಡಿಸಿ ನೋಡಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಸ್ಪತ್ರೆಯಲ್ಲಿರುವ ದಿನಗಳು ಶೇಕಡ 24ರಷ್ಟು ಇಳಿದಿದ್ದವು. ಅದರಿಂದ ಸಾವು ಹೆಚ್ಚಿರಲಿಲ್ಲ. ಆದರೆ ಸ್ಥಿತಿ ಇನ್ನೂ ಅಸ್ಥಿರವಾಗಿರುವಾಗಲೇ ಮನೆಗೆ ಹೋದವರ ಪ್ರಮಾಣ ನೂರಕ್ಕೆ 10ರಿಂದ 15ಕ್ಕೆ ಏರಿತ್ತು. ಎರಡೂ ನಿಜ. ಮೆಡಿಕೇರ್ ಇತಿಹಾಸದಲ್ಲಿ ವೆಚ್ಚದ ಏರಿಕೆಯನ್ನು ನಿಜಕ್ಕೂ ತಗ್ಗಿಸಿದ ಕೆಲವೇ ಕ್ರಮಗಳಲ್ಲಿ ಇದೊಂದು. ಅದರ ಭಾರದ ಒಂದಂಶವನ್ನು ಹೊತ್ತವರು ಮನೆಯಲ್ಲಿ ಗಾಯ ತೊಳೆದು ಬ್ಯಾಂಡೇಜ್ ಕಟ್ಟಿದ ಹೆಂಡತಿಯರು, ಹೆಣ್ಣುಮಕ್ಕಳು. ಅವರ ಗಂಟೆಗಳು ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ. ಆಸ್ಪತ್ರೆಗಳೂ ಬೇಗನೆ ಜಾಣತನ ಕಲಿತವು. ಒಳರೋಗಿಯ ಬೆಲೆಗೆ ಮಿತಿ ಬಿದ್ದರೆ ಹೊರರೋಗಿ ವಿಭಾಗಕ್ಕೆ ಕೆಲಸ ಸಾಗಿಸಿದವು, ಅಲ್ಲಿಗೂ ಮುಂಗಡ ಬೆಲೆ ಬರುವ ಹೊತ್ತಿಗೆ 2000 ಇಸವಿ ಆಗಿತ್ತು. ಸಾಧಾರಣ ನ್ಯುಮೋನಿಯಾವನ್ನು ಜಟಿಲ ನ್ಯುಮೋನಿಯಾ ಎಂದು ಬರೆಯುವ ಕಲೆಯೂ ಬೆಳೆಯಿತು.

ಭಾರತದ ಓದುಗರಿಗೆ ಇದು ದೂರದ ಕತೆ ಅನಿಸಬೇಕಾಗಿಲ್ಲ. ಇಲ್ಲಿಯ ಸರ್ಕಾರಿ ಯೋಜನೆಗಳಲ್ಲಿ ‘ಪ್ಯಾಕೇಜ್ ದರ’ ಎನ್ನುವುದು ಇದೇ ಆಲೋಚನೆಯ ಸರಳ ರೂಪ: ಈ ಆಪರೇಷನ್‌ಗೆ ಇಷ್ಟು, ಆಸ್ಪತ್ರೆ ಅದರೊಳಗೆ ಮುಗಿಸಬೇಕು. ಕರ್ನಾಟಕದ ಸಹಕಾರ ಸಂಘಗಳ ರೈತರಿಗೆ 2003ರಲ್ಲಿ ಯಶಸ್ವಿನಿ ಯೋಜನೆ ಶುರುವಾದಾಗ ಸದಸ್ಯರ ಪಾಲು ತಿಂಗಳಿಗೆ 5 ರೂಪಾಯಿ. ಶಸ್ತ್ರಚಿಕಿತ್ಸೆಗಳ ಬೆಲೆ ಮೊದಲೇ ನಿಗದಿ. 2018ರ ಆಯುಷ್ಮಾನ್ ಭಾರತ್‌ನದೂ ಅದೇ ದಾರಿ. 2024ರ ಅಕ್ಟೋಬರ್ ಕೊನೆಯಲ್ಲಿ ಅದನ್ನು 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ವಿಸ್ತರಿಸಿದರು. ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದುಕೊಂಡು ಊರಿನಲ್ಲಿರುವ ಅಪ್ಪ ಅಮ್ಮನಿಗೆ ಆ ಕಾರ್ಡು ಮಾಡಿಸಿಕೊಟ್ಟವರು, ಪಟ್ಟಿಯಲ್ಲಿದ್ದೂ ‘ಆ ರೇಟಿಗೆ ನಮಗೆ ಆಗುವುದಿಲ್ಲ’ ಎನ್ನುವ ಆಸ್ಪತ್ರೆಯ ಕೌಂಟರನ್ನು ಕಂಡಿದ್ದರೆ, ಫೆಟರ್ ಎತ್ತಿದ ಪ್ರಶ್ನೆಯ ಇನ್ನೊಂದು ತುದಿಯನ್ನು ಕಂಡ ಹಾಗೆ.

* * *

ಮತ್ತೆ ಬೋವೆನ್‌ರ 4 ಡಾಲರ್ 92 ಸೆಂಟಿಗೆ.

ರೇಗನ್ ಸಂಪುಟದ ಒಳಗೇ ಈ ಯೋಜನೆಗೆ ವಿರೋಧ ಇತ್ತು. ಖಾಸಗಿ ವಿಮೆಯವರ ವ್ಯಾಪಾರಕ್ಕೆ ಕಲ್ಲು ಬೀಳುತ್ತದೆ ಎಂಬುದು ಒಂದು ಕಾರಣ. ಆದರೆ 1986ರ ಕೊನೆಗೆ ರೇಗನ್‌ಗೆ ಸೆನೆಟ್ ಕೈತಪ್ಪಿತ್ತು, ಇರಾನ್ ಶಸ್ತ್ರಾಸ್ತ್ರದ ಹಗರಣ ಮೈಮೇಲೆ ಬಂದಿತ್ತು. ಜನರಿಗೆ ಒಳ್ಳೆಯದೊಂದನ್ನು ಮಾಡಿದ ಹೆಸರು ಬೇಕಿತ್ತು. 1987ರ ಫೆಬ್ರವರಿಯಲ್ಲಿ ಒಪ್ಪಿದರು. ಷರತ್ತು ಒಂದೇ: ಖಜಾನೆಯಿಂದ ಹಣವಿಲ್ಲ, ದುಡಿಯುವವರ ಮೇಲೆ ಹೊಸ ತೆರಿಗೆಯಿಲ್ಲ. ಸೌಲಭ್ಯ ಪಡೆಯುವವರೇ ಅದರ ಬೆಲೆ ಕಟ್ಟಬೇಕು.

ಡೆಮಾಕ್ರಾಟರು ಷರತ್ತಿಗೆ ಒಪ್ಪಿದರು, ಮಸೂದೆಯನ್ನು ಮಾತ್ರ ಹಿಗ್ಗಿಸಿದರು. ಆಸ್ಪತ್ರೆಯ ದಿನಗಳಿಗೆ ಮಿತಿಯೇ ಬೇಡ ಎಂದರು. ಔಷಧಿ ಅಂಗಡಿಯ ಖರ್ಚೂ ಸೇರಲಿ ಎಂದರು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಬಿಡುವು ಕೊಡುವ ನೆರವು, ಸ್ತನ ಕ್ಯಾನ್ಸರ್ ತಪಾಸಣೆ, ಶುಶ್ರೂಷಾ ಕೇಂದ್ರದಲ್ಲಿ 150 ದಿನ. ಒಂದೊಂದೂ ಬೇಕಾದದ್ದೇ. ಆದರೆ ಇಷ್ಟೆಲ್ಲ ಸೇರಿದರೆ ಎಲ್ಲರೂ ಸಮನಾಗಿ ಕೊಡುವ ಪ್ರೀಮಿಯಂ ಬಡ ವೃದ್ಧರಿಗೆ ಹೊರೆಯಾಗುತ್ತದೆ. ಹಾಗಾಗಿ ಎರಡು ಭಾಗ ಮಾಡಿದರು. ಎಲ್ಲರಿಗೂ ತಿಂಗಳಿಗೆ 4 ಡಾಲರ್. ಅದರ ಮೇಲೆ, ಆದಾಯ ತೆರಿಗೆ ಕಟ್ಟುವಷ್ಟು ಸ್ಥಿತಿವಂತರಾದ ವೃದ್ಧರಿಗೆ, ಅವರು ಕಟ್ಟುವ ತೆರಿಗೆಯ ಶೇಕಡ 15ರಷ್ಟು ಹೆಚ್ಚುವರಿ. 1989ರಲ್ಲಿ ಒಬ್ಬರಿಗೆ ಗರಿಷ್ಠ 800 ಡಾಲರ್, ದಂಪತಿಗೆ 1,600. 1993ರ ಹೊತ್ತಿಗೆ ಇದು ಶೇಕಡ 28ಕ್ಕೆ, ಗರಿಷ್ಠ 1,050 ಡಾಲರ್‌ಗೆ ಏರಬೇಕಿತ್ತು. ಬರಬೇಕಾದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಂದಲೇ.

ಈ ಎರಡನೆಯ ಭಾಗಕ್ಕೆ ಕಾನೂನು ಇಟ್ಟ ಹೆಸರು ‘ಪೂರಕ ಪ್ರೀಮಿಯಂ’. ತೆರಿಗೆ ಹೆಚ್ಚಿಸುವುದಿಲ್ಲ ಎಂದು ಮಾತು ಕೊಟ್ಟಿದ್ದ ಅಧ್ಯಕ್ಷರ ಸಹಿ ಬೇಕಾದರೆ ತೆರಿಗೆ ಎಂಬ ಪದ ಎಲ್ಲೂ ಬರಬಾರದು. ಆದರೆ ಆದಾಯ ನೋಡಿ ಹಾಕುವುದು, ತೆರಿಗೆ ಇಲಾಖೆ ವಸೂಲಿ ಮಾಡುವುದು, ತೆರಿಗೆ ಫಾರಂನಲ್ಲೇ ಒಂದು ಸಾಲಾಗಿ ತುಂಬಬೇಕಾದದ್ದು ತೆರಿಗೆಯಲ್ಲದೆ ಇನ್ನೇನು? ಪದ ಬದಲಿಸಿದರೆ ವಸ್ತು ಬದಲಾಗುತ್ತದೆ ಎಂಬ ನಂಬಿಕೆ ರಾಜಧಾನಿಗಳಲ್ಲಿ ಹೆಚ್ಚು. ಫಾರಂ ತುಂಬುವವರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ.

ಮತ ಎಣಿಕೆಯಲ್ಲಿ ಇದರ ಸುಳಿವೇ ಇರಲಿಲ್ಲ. ಕೆಳಮನೆಯಲ್ಲಿ 328ಕ್ಕೆ 72, ಸೆನೆಟ್‌ನಲ್ಲಿ 86ಕ್ಕೆ 11. ವೃದ್ಧರ ಅತಿ ದೊಡ್ಡ ಸಂಘವಾದ ಎಎಆರ್‌ಪಿ ಬೆಂಬಲಕ್ಕಿತ್ತು. 1988ರ ಜುಲೈ 1ರಂದು ಶ್ವೇತಭವನದ ಗುಲಾಬಿ ತೋಟದಲ್ಲಿ, ಕಾಫಿ ಕೂಟಗಳಲ್ಲಿ ಮೆಡಿಕೇರ್ ವಿರುದ್ಧ ದನಿ ಕೊಟ್ಟಿದ್ದ ಅದೇ ರೇಗನ್, 1965ರ ನಂತರ ಮೆಡಿಕೇರ್‌ನ ಅತಿ ದೊಡ್ಡ ವಿಸ್ತರಣೆಗೆ ಸಹಿ ಹಾಕಿದರು. ಇದು ಮೂರನೆಯ ವೇಷ.

ಲೆಕ್ಕದಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. 3.3 ಕೋಟಿ ಫಲಾನುಭವಿಗಳಲ್ಲಿ ಸುಮಾರು ನೂರಕ್ಕೆ 60 ಮಂದಿಗೆ ಪೂರಕ ಪ್ರೀಮಿಯಂ ಬೀಳುತ್ತಲೇ ಇರಲಿಲ್ಲ. ಪೂರ್ತಿ 800 ಡಾಲರ್ ಕಟ್ಟಬೇಕಾದವರು ನೂರಕ್ಕೆ ಐದಾರು ಮಂದಿ. ಬಡವರಿಗೆ ಲಾಭ, ಉಳ್ಳವರಿಗೆ ಸ್ವಲ್ಪ ಭಾರ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಹಂಚಿಕೆ ಇಲ್ಲ. ಕಾಗದದಲ್ಲಿ ಕಾಣದ ಮೂರು ಸಂಗತಿಗಳಿದ್ದವು.

ಮೊದಲನೆಯದಾಗಿ, ಉಳ್ಳ ವೃದ್ಧರಲ್ಲಿ ಬಹಳ ಜನರ ಬಳಿ ಇದೇ ಸೌಲಭ್ಯ ಆಗಲೇ ಇತ್ತು. ಕೆಲವರು ಖಾಸಗಿ ಪೂರಕ ವಿಮೆ ಕೊಂಡಿದ್ದರು, ಕೆಲವರಿಗೆ ದುಡಿದ ಕಂಪನಿಯೇ ನಿವೃತ್ತಿಯ ಮೇಲೂ ಕೊಡುತ್ತಿತ್ತು. ಪುಕ್ಕಟೆ ಸಿಗುತ್ತಿದ್ದದ್ದಕ್ಕೆ ಈಗ 800 ಡಾಲರ್ ಕೊಡು ಎಂದಂತಾಯಿತು. ಎರಡನೆಯದು, ಅವರಿಗೆ ನಿದ್ದೆಗೆಡಿಸುತ್ತಿದ್ದ ಭಯ ಬೇರೆಯೇ. 60 ದಿನ ದಾಟಿ ಆಸ್ಪತ್ರೆಯಲ್ಲಿರುವವರು ಅಪರೂಪ. ನೆನಪು ಹೋದ ಗಂಡನನ್ನೋ ಹಾಸಿಗೆ ಹಿಡಿದ ಹೆಂಡತಿಯನ್ನೋ ವರ್ಷಗಟ್ಟಲೆ ವೃದ್ಧಶುಶ್ರೂಷಾಲಯದಲ್ಲಿ ಇಡಬೇಕಾಗಿ ಬಂದರೆ ಮನೆ ಮಾರಬೇಕಾಗುತ್ತದಲ್ಲ, ಆ ಭಯ. ಫ್ಲಾರಿಡಾದ ಹಿರಿಯ ಸಂಸದ ಕ್ಲಾಡ್ ಪೆಪ್ಪರ್ ಕೇಳುತ್ತಿದ್ದದ್ದೂ ಅದನ್ನೇ. ಹೊಸ ಕಾನೂನು ಅದನ್ನು ಮುಟ್ಟಿರಲಿಲ್ಲ, ಮುಟ್ಟಿದರೆ ಖರ್ಚಿನ ಲೆಕ್ಕ ಮುರಿಯುತ್ತಿತ್ತು. ಮೂರನೆಯದು, ನಿಧಿ ಕೂಡಿಬರಲಿ ಎಂದು ವಸೂಲಿ 1989ರಿಂದಲೇ, ಸೌಲಭ್ಯ ಕಂತಿನಲ್ಲಿ. ಔಷಧಿಯ ಮುಖ್ಯ ಸೌಲಭ್ಯ ಬರಬೇಕಿದ್ದದ್ದು 1991ಕ್ಕೆ. ಸರ್ಕಾರದ ಲೆಕ್ಕ ಸರಿದೂಗಿಸುವ ಈ ಜಾಣತನ, ಕೊಡುವವರ ಕಣ್ಣಿಗೆ ಮೊದಲು ದುಡ್ಡು ಕಿತ್ತುಕೊಂಡು ಆಮೇಲೆ ನೋಡೋಣ ಎಂದಂತೆ ಕಂಡಿತು. ಇದರ ಜೊತೆಗೆ ಔಷಧಿಯ ಖರ್ಚಿನ ಅಂದಾಜು ಒಂದೇ ವರ್ಷದಲ್ಲಿ ಸುಮಾರು ಎರಡು ಪಟ್ಟಾಯಿತು.

ಕಾಗದಗಳು ಹರಿದುಬರತೊಡಗಿದವು. ಎಲ್ಲ ವೃದ್ಧರೂ ತಲಾ 800 ಡಾಲರ್ ಕಟ್ಟಬೇಕು ಎಂಬ ಸುದ್ದಿ ಹಬ್ಬಿತು. ಒಂದು ಸೆಂಟೂ ಕಟ್ಟಬೇಕಾಗಿರದವರೂ ಸಿಟ್ಟಾದರು. ಇದರಲ್ಲಿ ಚಂದಾ ಎತ್ತುವ ಸಂಘಗಳ ಕೈವಾಡ ಇದ್ದದ್ದು ನಿಜ. ಆದರೆ ಎಲ್ಲವನ್ನೂ ತಪ್ಪು ತಿಳಿವಳಿಕೆ ಎಂದು ತಳ್ಳಿಹಾಕುವ ಆಗಿನ ಪತ್ರಿಕೆಗಳ ವಾದ ಸಲೀಸಾಯಿತು. ಮಾಹಿತಿ ಸರಿಯಾಗಿ ಗೊತ್ತಿದ್ದವರೂ ಸಿಟ್ಟಾಗಿದ್ದರು. ಅವರ ವಾದ ಸರಳ: ಪಿಂಚಣಿಯಿಂದ ಮೆಡಿಕೇರ್‌ವರೆಗೆ ಎಲ್ಲವೂ ಇಡೀ ಸಮಾಜ ಹೊರುವ ಭಾರ ಎಂದು ಐವತ್ತು ವರ್ಷದಿಂದ ನಡೆದುಬಂದಿದೆ, ನಾವು ದುಡಿಯುತ್ತಿದ್ದಾಗ ಹಿಂದಿನವರಿಗೆ ಕಟ್ಟಿದೆವು. ಈಗ ಮೊದಲ ಬಾರಿಗೆ ವೃದ್ಧರ ಖರ್ಚನ್ನು ವೃದ್ಧರೇ ಹಂಚಿಕೊಳ್ಳಿ ಎನ್ನುತ್ತಿದ್ದೀರಿ. ಸ್ವಾರ್ಥ ಎಂದು ಇದನ್ನು ಬೈದವರು ಬಹಳ. ಹಣ ಉಳ್ಳವರೇ ಮುಂದೆ ನಿಂತು ಕೂಗಿದ್ದರಿಂದ ಆ ಬೈಗುಳಕ್ಕೆ ಆಧಾರವೂ ಇತ್ತು. ಆದರೂ ವಾದದಲ್ಲಿ ಹುರುಳಿಲ್ಲ ಎನ್ನಲಾಗದು.

1989ರ ಆಗಸ್ಟ್ 17ರಂದು ಷಿಕಾಗೊದಲ್ಲಿ ನಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಮಿಲ್ಸ್ ಕೂತಿದ್ದ ಅದೇ ಪ್ರಬಲ ಸಮಿತಿಯ ಕುರ್ಚಿಯಲ್ಲಿ ಈಗ ಡ್ಯಾನ್ ರೋಸ್ಟೆನ್‌ಕೌಸ್ಕಿ ಇದ್ದರು. ತೆರಿಗೆ ಮಸೂದೆಗಳ ವಿಷಯದಲ್ಲಿ ಅಧ್ಯಕ್ಷರೇ ಅವರನ್ನು ವಿಚಾರಿಸಿ ಹೆಜ್ಜೆಯಿಡುತ್ತಿದ್ದ ಕಾಲ. ತಮ್ಮದೇ ಕ್ಷೇತ್ರದಲ್ಲಿ ವೃದ್ಧರ ಮುಖಂಡರ ಜೊತೆ ಸಭೆ ಮುಗಿಸಿ ಹೊರಬಂದಾಗ ಹೊರಗೆ ಕಾದಿದ್ದವರು ಮಾತಾಡಿ ಎಂದರು. ಅವರು ಮಾತಾಡದೆ ಕಾರು ಹತ್ತಿದರು. ವೃದ್ಧರು ಕಾರನ್ನು ಸುತ್ತುವರಿದರು, ‘ಹೇಡಿ’ ಎಂದು ಕೂಗಿದರು, ಫಲಕಗಳಿಂದ ಬಡಿದರು. ಒಬ್ಬ ಅಜ್ಜಿ ಕಾರಿನ ಬಾನೆಟ್ಟಿನ ಮೇಲೇ ಏರಿಕೊಂಡರು. ಕೊನೆಗೆ ರೋಸ್ಟೆನ್‌ಕೌಸ್ಕಿ ಕಾರಿನಿಂದ ಇಳಿದು, ಬಿರಬಿರನೆ ನಡೆದು, ಪೆಟ್ರೋಲ್ ಬಂಕಿನೊಳಗಿಂದ ಹಾದು, ಆ ಬದಿಗೆ ಬಂದ ಕಾರನ್ನು ಓಡಿ ಹಿಡಿಯಬೇಕಾಯಿತು. ಆ ದೃಶ್ಯವನ್ನು ನೋಡಿದ ಮೇಲೆ ಕೋಷ್ಟಕಗಳನ್ನು ಓದುವ ವ್ಯವಧಾನ ಯಾವ ಸಂಸದನಿಗೂ ಉಳಿಯಲಿಲ್ಲ.

ಅಕ್ಟೋಬರ್ 4ರಂದು ಕೆಳಮನೆ 360ಕ್ಕೆ 66 ಮತಗಳಿಂದ ಕಾನೂನನ್ನು ರದ್ದು ಮಾಡಿತು. ಹಿಂದಿನ ವರ್ಷ ಪರವಾಗಿ ಕೈಯೆತ್ತಿದವರೇ ಬಹಳ ಮಂದಿ. ಪೂರಕ ಪ್ರೀಮಿಯಂ ತೆಗೆದು ಸೌಲಭ್ಯದ ಒಂದಿಷ್ಟು ಭಾಗ ಉಳಿಸಿಕೊಳ್ಳೋಣ ಎಂದು ಸೆನೆಟ್ ಕೊಸರಾಡಿ ನವೆಂಬರ್‌ನಲ್ಲಿ ಸೋತಿತು. ಡಿಸೆಂಬರ್ 13ರಂದು ಜಾರ್ಜ್ ಬುಷ್ ಸಹಿ ಹಾಕಿದರು. ಹದಿನೇಳು ತಿಂಗಳ ಆಯಸ್ಸು.

ನಷ್ಟವಾದದ್ದು ಯಾರಿಗೆ ಎಂದು ಆಗ ಕೇಳಿದವರು ಕಡಿಮೆ. ಖಾಸಗಿ ಪೂರಕ ವಿಮೆ ಕೊಳ್ಳಲಾಗದ, ಆದರೆ ಮೆಡಿಕೇಡ್ ಸಿಗುವಷ್ಟು ಬಡವರೂ ಅಲ್ಲದ ಲಕ್ಷಾಂತರ ವೃದ್ಧರು ಷಿಕಾಗೊದ ಬೀದಿಯಲ್ಲಿರಲಿಲ್ಲ. ಅವರಿಗೆ ಸಿಗಬೇಕಾಗಿದ್ದ ಮಿತಿ ಅವರ ಹೆಸರಿನಲ್ಲೇ ಹೋಯಿತು.

* * *

ಆಮೇಲಿನದನ್ನು ಬೇಗ ಹೇಳಬಹುದು. 1992ರಲ್ಲಿ ವೈದ್ಯರ ಫೀಸಿಗೆ ಹಾರ್ವರ್ಡ್‌ನ ವಿಲಿಯಂ ಷಾವ್ ರೂಪಿಸಿದ ಅಳತೆಗೋಲು ಬಂತು. ಒಬ್ಬರಿಗೆ ಏರಿಸಿದರೆ ಇನ್ನೊಬ್ಬರದನ್ನು ಇಳಿಸಬೇಕು, ಒಟ್ಟು ಮೊತ್ತ ಹೆಚ್ಚಬಾರದು ಎಂಬ ನಿಯಮದೊಂದಿಗೆ. 1997ರಲ್ಲಿ ಇನ್ನೂ ಬಿಗಿ ಮಾಡಿ, ವೆಚ್ಚ ಗುರಿ ಮೀರಿದರೆ ಮುಂದಿನ ವರ್ಷ ಫೀಸು ತಾನಾಗಿಯೇ ಕಡಿತವಾಗುವ ಸೂತ್ರ ತಂದರು. 2003ರಿಂದ ಕಡಿತದ ದಿನ ಹತ್ತಿರ ಬಂದಾಗಲೆಲ್ಲ ಸಂಸತ್ತು ‘ಈ ಒಂದು ಸಲ ಬೇಡ’ ಎಂದಿತು. ಹೀಗೆ ಹದಿನೇಳು ಸಲ. 2015ರಲ್ಲಿ ಸೂತ್ರವನ್ನೇ ಕಿತ್ತುಹಾಕಿದರು. ಖಾಸಗಿ ಕಂಪನಿಗಳ ಮೂಲಕ ಮೆಡಿಕೇರ್ ನಡೆಸಿದರೆ ನೂರಕ್ಕೆ ಐದು ಉಳಿಯುತ್ತದೆ ಎಂದು 1982ರಲ್ಲಿ ತೆರೆದ ಬಾಗಿಲಿನಿಂದ ಈಗ ಅರ್ಧಕ್ಕಿಂತ ಹೆಚ್ಚು ಫಲಾನುಭವಿಗಳು ಹೋಗಿದ್ದಾರೆ. ಸಂಸತ್ತಿನದೇ ಸಲಹಾ ಮಂಡಳಿಯ ಲೆಕ್ಕದಂತೆ ಅದು ಸರ್ಕಾರಕ್ಕೆ ಅಗ್ಗವಲ್ಲ, ದುಬಾರಿ.

2003ರಲ್ಲಿ ಔಷಧಿ ಸೌಲಭ್ಯ ಕೊನೆಗೂ ಬಂದಾಗ 1989ರ ನೆನಪು ಎಲ್ಲರಿಗೂ ಇತ್ತು. ವೃದ್ಧರ ಮೇಲೆ ಹೊಸ ತೆರಿಗೆ ಇಲ್ಲ, ಸೇರುವುದು ಅವರವರ ಇಷ್ಟ, ಖರ್ಚಿನ ಸುಮಾರು ಮುಕ್ಕಾಲು ಭಾಗ ಖಜಾನೆಯದು. ಅಂದರೆ ಬೋವೆನ್‌ರ ಷರತ್ತನ್ನು ಪೂರ್ತಿ ಬಿಟ್ಟರು. ಬೆಳಗಿನ ಜಾವದವರೆಗೆ ಸುಮಾರು ಮೂರು ಗಂಟೆ ಮತದಾನ ತೆರೆದಿಟ್ಟು 220ಕ್ಕೆ 215ರಲ್ಲಿ ಗೆದ್ದರು. ಖರ್ಚು ಹೇಳಿದ್ದಕ್ಕಿಂತ ಬಹಳ ಹೆಚ್ಚಾಗುತ್ತದೆ ಎಂದು ಸರ್ಕಾರದ್ದೇ ಲೆಕ್ಕಿಗರು ಅಂದಾಜು ಮಾಡಿದ್ದು ಹೊರಗೆ ಬಂದದ್ದು ಆಮೇಲೆ. ಔಷಧಿ ಕಂಪನಿಗಳ ಜೊತೆ ಬೆಲೆ ಚೌಕಾಸಿ ಮಾಡುವ ಹಾಗಿಲ್ಲ ಎಂದು ಸರ್ಕಾರ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು. 3.3 ಕೋಟಿಗೂ ಹೆಚ್ಚು ಜನರ ಪರವಾಗಿ ಕೊಳ್ಳುವವನು ಸಂತೆಯಲ್ಲಿ ಬೆಲೆ ಕೇಳಬಾರದು ಎಂಬ ಆ ನಿಯಮ ಸಡಿಲಾಗಲು 2022ರ ಕಾನೂನು ಬರಬೇಕಾಯಿತು. ಮೊದಲ ಹತ್ತು ಔಷಧಿಗಳ ಇಳಿದ ಬೆಲೆ ಜಾರಿಗೆ ಬಂದದ್ದು 2026ರ ಜನವರಿ 1ರಿಂದ.

ಅದೇ ಕಾನೂನಿನಡಿ 2025ರಿಂದ ಒಂದು ಮಿತಿಯೂ ಬಂತು. 2025ರಲ್ಲಿ ಔಷಧಿಗೆ ವೃದ್ಧರ ಕೈಯಿಂದ ಹೋಗುವುದು 2,000 ಡಾಲರ್ ದಾಟುವಂತಿರಲಿಲ್ಲ. ಅಂಕಿ ಬೋವೆನ್‌ರದೇ, ಆದರೆ ಅವರು ಅದನ್ನು ಹೇಳಿದ್ದು ಆಸ್ಪತ್ರೆ ಮತ್ತು ಡಾಕ್ಟರ ಬಿಲ್ಲಿಗೆ. ಮೂಲ ಮೆಡಿಕೇರ್‌ನ ಆ ಎರಡು ಭಾಗಗಳಿಗೆ ಇವತ್ತಿಗೂ ಮೇಲ್ಮಿತಿ ಇಲ್ಲ. 60 ದಿನ, 90 ದಿನ, ಜೀವಮಾನದ 60 ದಿನ, ಡಾಕ್ಟರಿಗೆ ನೂರಕ್ಕೆ 20, ಎಲ್ಲವೂ 1986ರಲ್ಲಿದ್ದ ಹಾಗೆಯೇ ಇವೆ. 3 ಡಾಲರ್‌ನಿಂದ ಶುರುವಾದ ಪಾರ್ಟ್ ಬಿ ಪ್ರೀಮಿಯಂ 2025ರಲ್ಲಿ ತಿಂಗಳಿಗೆ 185 ಡಾಲರ್ ಆಗಿತ್ತು.

1988ರ ಕಾನೂನಿನಲ್ಲಿ ರದ್ದಾಗದೆ ಉಳಿದ ಭಾಗವೂ ಒಂದಿದೆ. ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದ ಮೆಡಿಕೇಡ್ ಕಲಮುಗಳವು. ತೀರ ಬಡ ವೃದ್ಧರ ಮೆಡಿಕೇರ್ ಪ್ರೀಮಿಯಮ್ಮನ್ನು ಸರ್ಕಾರವೇ ಕಟ್ಟುವುದು ಒಂದು. ಗಂಡನನ್ನೋ ಹೆಂಡತಿಯನ್ನೋ ಶುಶ್ರೂಷಾಲಯಕ್ಕೆ ಸೇರಿಸಿದಾಗ, ಮನೆಯಲ್ಲಿ ಉಳಿದ ಸಂಗಾತಿ ಇದ್ದಬದ್ದದ್ದನ್ನೆಲ್ಲ ಕಳೆದುಕೊಂಡು ಬೀದಿಗೆ ಬೀಳದಂತೆ ಉಳಿತಾಯದಲ್ಲೂ ಆದಾಯದಲ್ಲೂ ಒಂದು ಪಾಲನ್ನು ಮುಟ್ಟದೆ ಬಿಡಬೇಕು ಎಂಬುದು ಇನ್ನೊಂದು. ಷಿಕಾಗೊದ ಗಲಾಟೆಗೆ ಹೆದರಿ ಓಡುವಾಗ ಸಂಸತ್ತು ಇವನ್ನು ಮುಟ್ಟಲಿಲ್ಲ, ಮೂವತ್ತೈದು ವರ್ಷಗಳಿಂದ ಜಾರಿಯಲ್ಲಿವೆ.